ಹುಲ್ಲು ಕೊಯ್ಯಲು ಅಮೆರಿಕಕ್ಕೆ ಹೋದವಳು

‘ಹುಲ್ಲು ಕೊಯ್ಯೋದು ನನ್ನ ತಲೆಗೇ ಮುಗೀಲಿ ಮಗ, ನೀನು ಓದ್ಕೋ’ ಎಂದು ಅವ್ವ ಹೇಳುತ್ತಿದ್ದಳು. ಸಂಜೆ ಆರರ ಹೊತ್ತಿಗೆ ಹೊಲದ ಬದುವಿನಿಂದ ಹುಲ್ಲಿನ ಹೊರೆ ಹೊತ್ತು ಬರುವಾಗ ಅವಳ ಮುಖವೇ ಕಾಣುತ್ತಿರಲಿಲ್ಲ. ಹೊರೆಯನ್ನು ಕೊಟ್ಟಿಗೆಯ ಮುಂದೆ ಕೆಡವಿ, ಸಿಂಬೆ ತೆಗೆದು, ಕುತ್ತಿಗೆ ಒರೆಸಿಕೊಳ್ಳುತ್ತಾ ಈ ಮಾತು ಹೇಳುತ್ತಿದ್ದಳು. ನಾನು ಓದಿದೆ. ಅರಸೀಕೆರೆ ತಾಲ್ಲೂಕಿನ ನಮ್ಮ ಊರಿನಿಂದ ಹಾಸನದ ಕಾರೆಕೆರೆ ಕೃಷಿ ಕಾಲೇಜು ಸೇರಿ ಬಿಎಸ್ಸಿ ಮುಗಿಸಿದೆ. ಆಮೇಲೆ ಒಂದು ವರ್ಷದ ತರಬೇತಿಗೆಂದು ಅಮೆರಿಕದ ವಿಮಾನ ಹತ್ತಿದೆ. ಊರಲ್ಲೆಲ್ಲ ಸುದ್ದಿಯೋ ಸುದ್ದಿ.

ಅಲ್ಲಿ ನನಗೆ ಸಿಕ್ಕಿದ ಕೆಲಸ ಏನು ಗೊತ್ತೇ? ಹುಲ್ಲು ಕೊಯ್ಯುವುದು!

ಫ್ಲಾರಿಡಾದ ಒರ್ಲಾಂಡೊ ನಗರದ ಹೊರಗಿನ ಒಂದು ರೆಸಾರ್ಟ್. ಅದಕ್ಕೊಂದು 18 ಕುಳಿಗಳ ಗಾಲ್ಫ್ ಅಂಗಣ. ಅದರ ಹುಲ್ಲನ್ನು ನೋಡಿಕೊಳ್ಳುವ ತಂಡದಲ್ಲಿ ನಾನೊಬ್ಬ ತರಬೇತಿ ನೌಕರಳು. ‘ಟರ್ಫ್ ಮ್ಯಾನೇಜ್‌ಮೆಂಟ್’ ಎಂದು ಕಾಗದದಲ್ಲಿ ಬರೆದಿದ್ದಾಗ ಗಂಭೀರವಾಗಿಯೇ ಕಂಡಿತ್ತು. ಮೊದಲ ದಿನ ಬೆಳಗಿನ ಜಾವ ಕೈಗೆ ಹುಲ್ಲು ಕತ್ತರಿಸುವ ಯಂತ್ರ ಕೊಟ್ಟಾಗ ಎದೆ ಧಸಕ್ಕೆಂದಿತು. ಅವ್ವನಿಗೆ ಏನು ಹೇಳಲಿ? ‘ರೆಸಾರ್ಟ್‌ನಲ್ಲಿ ಕೆಲಸ ಅವ್ವ, ಆಫೀಸು ಥರ’ ಎಂದುಬಿಟ್ಟೆ. ಆ ಸುಳ್ಳು ಐದು ತಿಂಗಳು ನನ್ನ ಜೊತೆಗೇ ಇತ್ತು.

ದೆಹಲಿಯ ನೇರಕ್ಕಿರುವ ಊರು

ಒರ್ಲಾಂಡೊ ಎಂದರೆ ಎಲ್ಲರಿಗೂ ನೆನಪಾಗುವುದು ಡಿಸ್ನಿ ವರ್ಲ್ಡ್. ಆದರೆ ಫ್ಲಾರಿಡಾದಲ್ಲಿ ಸಾವಿರಕ್ಕೂ ಹೆಚ್ಚು ಗಾಲ್ಫ್ ಅಂಗಣಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅದಕ್ಕೆ ಹವಾಮಾನವೇ ಕಾರಣ. ನಕ್ಷೆಯಲ್ಲಿ ಗೆರೆ ಎಳೆದರೆ ಒರ್ಲಾಂಡೊ ಹೆಚ್ಚುಕಡಿಮೆ ನಮ್ಮ ದೆಹಲಿಯ ಅಕ್ಷಾಂಶದಲ್ಲೇ ಬರುತ್ತದೆ. ಉಷ್ಣವಲಯವೂ ಅಲ್ಲ, ಶೀತ ದೇಶವೂ ಅಲ್ಲದ ಉಪೋಷ್ಣ ವಲಯ. ದೆಹಲಿಗೆ ಸಮುದ್ರ ದೂರ, ಇಲ್ಲಿಗೆ ಎರಡೂ ಕಡೆ ಸಮುದ್ರ. ಹಾಗಾಗಿ ಚಳಿಗಾಲ ಹಿತ, ಬೇಸಿಗೆ ಮಾತ್ರ ಬೆವರಿನ ಸ್ನಾನ.

ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದು ಅಂಗಣಗಳೆಲ್ಲ ಮುಚ್ಚಿದಾಗ ಜನ ಇಲ್ಲಿಗೆ ಆಡಲು ಬರುತ್ತಾರೆ. ಆಗ ರೆಸಾರ್ಟ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದರವೂ ಆಕಾಶಕ್ಕೆ. ಜೂನ್ ಬಂತೆಂದರೆ ಎಲ್ಲ ತಲೆಕೆಳಗು. ಅಟ್ಲಾಂಟಿಕ್ ಕಡೆಯಿಂದ ಒಂದು ಸಮುದ್ರಗಾಳಿ, ಮೆಕ್ಸಿಕೊ ಕೊಲ್ಲಿ ಕಡೆಯಿಂದ ಇನ್ನೊಂದು. ಎರಡೂ ಬಂದು ರಾಜ್ಯದ ನಡುವೆ ಡಿಕ್ಕಿ ಹೊಡೆಯುತ್ತವೆ. ಬಹುತೇಕ ಪ್ರತಿ ಮಧ್ಯಾಹ್ನ ಗುಡುಗು, ಸಿಡಿಲು, ಮಳೆ. ಅಮೆರಿಕದಲ್ಲಿ ಅತಿ ಹೆಚ್ಚು ಸಿಡಿಲು ಬಡಿಯುವ ಪ್ರದೇಶಗಳಲ್ಲಿ ಇದೂ ಒಂದು. ಆಡುವವರು ಕಡಿಮೆಯಾಗುತ್ತಾರೆ, ನಮ್ಮ ರೆಸಾರ್ಟ್‌ನಲ್ಲಿ ದರ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು. ವಾರಕ್ಕೊಮ್ಮೆ ಮಧ್ಯಾಹ್ನ ಮೂರರ ಮೇಲೆ ನೌಕರರೂ ಪುಕ್ಕಟೆಯಾಗಿ ಆಡಬಹುದಿತ್ತು. ನನಗೆ ಆಡುವ ಭಾಗ್ಯ ಬಂದಿದ್ದು ಸಿಡಿಲಿನ ದಯೆಯಿಂದ!

ಅಯ್ಯೋ, ಇದು ಗರಿಕೆ!

ನಮ್ಮ ಕೆಲಸ ಶುರುವಾಗುತ್ತಿದ್ದುದು ಬೆಳಿಗ್ಗೆ ಐದಕ್ಕೆ. ಕುಳಿ ಇರುವ ನುಣುಪಾದ ಜಾಗಕ್ಕೆ ‘ಗ್ರೀನ್’ ಎನ್ನುತ್ತಾರೆ. ಅಲ್ಲಿ ಹುಲ್ಲಿನ ಎತ್ತರ ಬರೀ 3 ಮಿಲಿಮೀಟರ್. ನಮ್ಮ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಮೊದಲು ಇಬ್ಬನಿ ಸರಿಸಬೇಕು, ಆಮೇಲೆ ಯಂತ್ರ ತಳ್ಳುತ್ತಾ ನೇರ ಗೆರೆಯಲ್ಲಿ ಹೋಗಬೇಕು. ಗೆರೆ ಸೊಟ್ಟಗಾದರೆ ಇಡೀ ದಿನ ಅತಿಥಿಗಳ ಕಣ್ಣಿಗೆ ಬೀಳುತ್ತದೆ. ನಿನ್ನೆ ಹೋದ ದಿಕ್ಕಿನಲ್ಲಿ ಇವತ್ತು ಹೋಗುವಂತಿಲ್ಲ, ಹುಲ್ಲು ಒಂದೇ ಕಡೆ ಮಲಗಿಬಿಡುತ್ತದೆ.

‘ಇದು ಬರ್ಮುಡಾ ಹುಲ್ಲು. ಬಿಸಿಲಿಗೆ ಹೆದರಲ್ಲ, ತುಳಿದರೆ ಸಾಯಲ್ಲ’ ಎಂದು ಮೊದಲ ವಾರವೇ ಮೇಲ್ವಿಚಾರಕರು ಹೇಳಿದ್ದರು. ಒಂದು ದಿನ ಕಾಲುವೆಯ ಅಂಚಿನಲ್ಲಿ, ಯಂತ್ರ ತಲುಪದ ಕಡೆ, ಅದು ಉದ್ದವಾಗಿ ಬೆಳೆದು ಹೂ ಬಿಟ್ಟಿತ್ತು. ಹಕ್ಕಿಯ ಕಾಲಿನಂಥ ಹೂಗೊಂಚಲು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹರಿದ ಬಳ್ಳಿ. ಬಗ್ಗಿ ನೋಡಿದೆ. ಅಯ್ಯೋ, ಇದು ನಮ್ಮ ಗರಿಕೆ! ಗಣೇಶನ ಹಬ್ಬಕ್ಕೆ ಅವ್ವ ನನ್ನನ್ನು ಕಿತ್ತು ತರಲು ಕಳಿಸುತ್ತಿದ್ದ ಅದೇ ಗರಿಕೆ. ರಾಗಿ ಹೊಲಕ್ಕೆ ನುಗ್ಗಿದರೆ ಅಪ್ಪ ಶಾಪ ಹಾಕುತ್ತಿದ್ದ ಅದೇ ಗರಿಕೆ. ‘ಒಂದು ಗೆಣ್ಣು ಉಳಿದ್ರೂ ಸಾಕು, ಮುಂದಿನ ಮಳೆಗೆ ಮತ್ತೆ ಎದ್ದು ಕೂರ್ತದೆ’ ಎನ್ನುವುದು ಅಪ್ಪನ ಮಾತು. ಕಾಲೇಜಿನಲ್ಲಿ ಕಳೆಗಳ ಪಾಠದಲ್ಲಿ ಅದರ ಸಸ್ಯನಾಮವನ್ನು ಬಾಯಿಪಾಠ ಮಾಡಿದ್ದೆ: ಸೈನೊಡಾನ್ ಡ್ಯಾಕ್ಟೈಲಾನ್. ಪರೀಕ್ಷೆಯಲ್ಲಿ ಅದನ್ನು ನಿರ್ಮೂಲ ಮಾಡುವ ವಿಧಾನ ಬರೆದು ಅಂಕವನ್ನೂ ಪಡೆದಿದ್ದೆ.

ಇಲ್ಲಿ ನೋಡಿದರೆ ಅದಕ್ಕೆ ರಾಜಮರ್ಯಾದೆ. ಗ್ರೀನ್‌ನ ಕೆಳಗೆ 30 ಸೆಂಟಿಮೀಟರ್ ಮರಳು, ಅದರ ಕೆಳಗೆ 10 ಸೆಂಟಿಮೀಟರ್ ಜಲ್ಲಿ, ನೀರು ಬಸಿಯಲು ಕೊಳವೆ. ಎಲ್ಲ ಒಂದು ಗರಿಕೆಗಾಗಿ! ಇದು ನಮ್ಮ ಹೊಲದ ಗರಿಕೆಯೇ ಅಲ್ಲ, ಅದರ ಮಿಶ್ರತಳಿ. ನಮ್ಮ ಗರಿಕೆಯನ್ನು ಆಫ್ರಿಕಾದ ಸಣ್ಣ ಎಲೆಯ ಗರಿಕೆಯ ಜೊತೆ ಕೂಡಿಸಿ ಮಾಡಿದ್ದು. ಇಂಥ ತಳಿಗಳಿಗೆ ಹೆಸರಾದವರು ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿದ್ದ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ. ಅವರ ‘ಟಿಫ್‌ವೇ’ ತಳಿ 1960ರಲ್ಲಿ ಬಂತು.

ಬರ್ಟನ್! ಈ ಹೆಸರನ್ನು ಎಲ್ಲೋ ಕೇಳಿದ್ದೆನಲ್ಲ? ರಾತ್ರಿ ಹಳೆಯ ನೋಟ್ಸ್ ತೆಗೆದು ನೋಡಿದರೆ ಸಿಕ್ಕಿತು. ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಂದಿದ್ದು 1965ರಲ್ಲಿ. ಅದರ ತಾಯಿತಳಿ ‘ಟಿಫ್ಟ್ 23ಎ’. ಅದನ್ನು ಕೊಟ್ಟವರೂ ಇದೇ ಬರ್ಟನ್. ಶ್ರೀಮಂತರ ಆಟಕ್ಕೆ ಹುಲ್ಲು ಮಾಡಿದ ಮನುಷ್ಯನೇ ಬಡವರ ರೊಟ್ಟಿಗೆ ಸಜ್ಜೆಯನ್ನೂ ಮಾಡಿದ್ದ. ಈ ಮಿಶ್ರತಳಿಯ ಗರಿಕೆ ಬೀಜ ಕಟ್ಟುವುದಿಲ್ಲ. ಬಳ್ಳಿಯ ತುಂಡುಗಳನ್ನೇ ನೆಡುತ್ತಾರೆ. ‘ಒಂದು ಗೆಣ್ಣು ಉಳಿದರೂ ಸಾಕು’ ಎಂಬ ಅಪ್ಪನ ಬೈಗುಳವೇ ಇಲ್ಲಿ ನಾಟಿಯ ಪದ್ಧತಿ. ಆ ದಿನದಿಂದ ಯಂತ್ರ ತಳ್ಳುವಾಗ ಮುಖ ತಗ್ಗಿಸುವುದು ಸ್ವಲ್ಪ ಕಡಿಮೆಯಾಯಿತು. ಆದರೂ ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

ಆಟಕ್ಕಿಳಿದ ಮಧ್ಯಾಹ್ನ

ನಮ್ಮ ತಂಡದಲ್ಲಿ ಮೆಕ್ಸಿಕೊದಿಂದ ಬಂದ ಹಿರಿಯರೊಬ್ಬರಿದ್ದರು. ಇಪ್ಪತ್ತು ವರ್ಷಗಳಿಂದ ಅದೇ ಅಂಗಣದಲ್ಲಿ ಕೆಲಸ. ನನ್ನನ್ನು ‘ಮಿಹಾ’ ಎನ್ನುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಮಗಳೇ ಎಂದರ್ಥ. ಅವರ ಇಂಗ್ಲಿಷ್, ನನ್ನ ಇಂಗ್ಲಿಷ್ ಎರಡೂ ಹರಕುಮುರುಕು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ‘ಆಡದೇ ಹುಲ್ಲು ಕತ್ತರಿಸೋದು ಉಪ್ಪು ನೋಡದೇ ಅಡುಗೆ ಮಾಡಿದ ಹಾಗೆ’ ಎಂದು ಹೇಳಿ, ಎರಡು ತಿಂಗಳು ಕೆಲಸ ಮುಗಿದ ಮೇಲೆ ಅಭ್ಯಾಸದ ಜಾಗದಲ್ಲಿ ಚೆಂಡು ಹೊಡೆಯುವುದನ್ನು ಕಲಿಸಿದರು. ಜುಲೈನ ಒಂದು ಸೋಮವಾರ ಮಧ್ಯಾಹ್ನ ನಾವಿಬ್ಬರೂ ಆಟಕ್ಕೆ ಇಳಿದೆವು. ಒಬ್ಬರೇ ಬಂದಿದ್ದ ಅತಿಥಿಯೊಬ್ಬರನ್ನೂ ನಮ್ಮ ಜೊತೆ ಸೇರಿಸಿದರು. ಒಹಾಯೊದ ನಿವೃತ್ತ ಮೇಷ್ಟ್ರು. ನಾವು ನೌಕರರೆಂದು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮೊದಲ ಹೊಡೆತ. ದಿನವೂ ಓಡಾಡಿದ ಜಾಗವೇ. ಆದರೂ ಚೆಂಡಿನ ಮುಂದೆ ನಿಂತಾಗ ಕಾಲು ನಡುಗಿತು. ಬೀಸಿದೆ. ಚೆಂಡು ಅಲ್ಲೇ ಇತ್ತು. ಎರಡನೇ ಸಲ ಹುಲ್ಲಿನ ಹೆಂಟೆ ಹಾರಿತು. ನಾನು ಮೊದಲು ಮಾಡಿದ್ದು ಆ ಹೆಂಟೆ ಹುಡುಕಿ ತಂದು ಗುಂಡಿಗೆ ಕೂರಿಸಿ ಕಾಲಲ್ಲಿ ಒತ್ತಿದ್ದು. ಹಿರಿಯರು ನಕ್ಕರು. ಮೂರನೇ ಸಲ ಚೆಂಡು ಹಾರಿತು. ಆ ‘ಟಕ್’ ಶಬ್ದ ಕೈಯಿಂದ ಹೆಗಲಿಗೆ ಬಂದಾಗ ಆದ ಖುಷಿಯನ್ನು ಹೇಗೆ ಹೇಳಲಿ!

‘ಗಾಳಿ ಭಾರವಾಗಿದೆ, ಚೆಂಡು ದೂರ ಹೋಗಲ್ಲ’ ಎಂದರು ಮೇಷ್ಟ್ರು ಬೆವರು ಒರೆಸುತ್ತಾ. ನಮಗೂ ಹಾಗೇ ಅನಿಸುತ್ತದೆ. ಆದರೆ ಲೆಕ್ಕ ಬೇರೆ. ನೀರಿನ ಅಣುಭಾರ 18, ಒಣ ಗಾಳಿಯದು ಸರಾಸರಿ 29. ಹಾಗಾಗಿ ತೇವದ ಗಾಳಿ ಒಣ ಗಾಳಿಗಿಂತ ತುಸು ಹಗುರ. ಬಿಸಿ ಗಾಳಿ ಇನ್ನೂ ಹಗುರ. ಚೆಂಡು ಗಾಳಿಯಲ್ಲಿ ಚೆನ್ನಾಗಿಯೇ ಹೋಗುತ್ತದೆ, ನೆಲಕ್ಕೆ ಬಿದ್ದ ಮೇಲೆ ಒದ್ದೆ ಹುಲ್ಲು ಉರುಳಲು ಬಿಡುವುದಿಲ್ಲ ಅಷ್ಟೇ. ಭಾರವಾಗಿದ್ದುದು ನಮ್ಮ ಅಂಗಿ.

ಐದನೇ ಕುಳಿಯ ಹತ್ತಿರ ನನ್ನ ಚೆಂಡು ಕೊಳದ ದಂಡೆಯಲ್ಲಿ ನಿಂತಿತು. ಎರಡು ಮಾರು ಆಚೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಫ್ಲಾರಿಡಾದ ಕೊಳಗಳಲ್ಲಿ ಮೊಸಳೆ ಮಾಮೂಲಿ. ಅದಕ್ಕೂ ಗಾಲ್ಫ್‌ನಲ್ಲಿ ನಿಯಮವಿದೆ! ಮೊಸಳೆ, ವಿಷದ ಹಾವು, ಕಡಿಯುವ ಜೇನು, ಬೆಂಕಿ ಇರುವೆಯಂಥ ಅಪಾಯಕಾರಿ ಪ್ರಾಣಿಗಳು ಹತ್ತಿರವಿದ್ದರೆ ದಂಡವಿಲ್ಲದೆ ಬೇರೆ ಕಡೆ ಚೆಂಡು ಇಟ್ಟು ಆಡಬಹುದು. ‘ಜೀವಕ್ಕಿಂತ ಅಂಕ ದೊಡ್ಡದಲ್ಲ’ ಎಂದು ನಿಯಮ ಬರೆದವರೇ ಒಪ್ಪಿದ್ದಾರೆ. ನಮ್ಮ ಪರೀಕ್ಷೆಗಳಿಗೂ ಇಂಥದ್ದೊಂದು ನಿಯಮ ಬೇಕಿತ್ತು!

ಒಂಬತ್ತನೇ ಗ್ರೀನ್. ಅದು ಅವತ್ತು ಬೆಳಿಗ್ಗೆ ನಾನೇ ಕತ್ತರಿಸಿದ್ದು. ಮೇಷ್ಟ್ರ ಚೆಂಡು ಕುಳಿಯಿಂದ ಹದಿನೈದು ಅಡಿ ದೂರದಲ್ಲಿತ್ತು. ಸಮತಟ್ಟಾಗಿ, ನೇರವಾಗಿ ಕಾಣುತ್ತಿತ್ತು. ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡಿದರು. ನನಗೆ ಸುಮ್ಮನಿರಲಾಗಲಿಲ್ಲ. ‘ಎರಡು ಅಂಗೈ ಬಲಕ್ಕೆ ಹೊಡೀರಿ ಸರ್, ಸ್ವಲ್ಪ ಜೋರಾಗಿ’ ಎಂದೆ. ಅವರು ಹುಬ್ಬೇರಿಸಿದರು.

ಗರಿಕೆಗೆ ಒಂದು ಗುಣವಿದೆ. ಎಷ್ಟೇ ಗಿಡ್ಡ ಕತ್ತರಿಸಿದರೂ ಅದು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ನಮ್ಮಿಂದ ಆಚೆಗೆ ವಾಲಿದ್ದರೆ ಹೊಳೆಯುತ್ತದೆ, ಚೆಂಡು ಜಾರಿ ಹೋಗುತ್ತದೆ. ನಮ್ಮ ಕಡೆಗೆ ವಾಲಿದ್ದರೆ ಮಂಕಾಗಿ ಕಾಣುತ್ತದೆ, ಚೆಂಡು ತಡೆಯುತ್ತದೆ. ಪಕ್ಕಕ್ಕೆ ವಾಲಿದ್ದರೆ ಚೆಂಡನ್ನೂ ಪಕ್ಕಕ್ಕೆ ಎಳೆಯುತ್ತದೆ. ಶೀತ ದೇಶದ ಹುಲ್ಲಿನಲ್ಲಿ ಇದು ಇಷ್ಟು ಕಾಣುವುದಿಲ್ಲ, ಹಾಗಾಗಿ ಉತ್ತರದಿಂದ ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಆ ಗ್ರೀನ್‌ನ ಹುಲ್ಲು ಕುಳಿಯ ಬಳಿ ಎಡಕ್ಕೆ, ನಮ್ಮ ಕಡೆಗೆ ವಾಲಿತ್ತು. ಐದು ತಿಂಗಳು ಬೆಳಗಿನ ಓರೆ ಬೆಳಕಿನಲ್ಲಿ ಅದನ್ನು ನೋಡಿದ್ದೆ.

ಮೇಷ್ಟ್ರು ನಾನು ಹೇಳಿದಂತೆ ಹೊಡೆದರು. ಚೆಂಡು ನೇರ ಹೋಗಿ, ಕೊನೆಗೆ ನಿಧಾನವಾಗಿ ಎಡಕ್ಕೆ ತಿರುಗಿ, ಕುಳಿಗೆ ಬಿತ್ತು. ‘ಎಲ್ಲಿ ಕಲಿತೆ ಇದನ್ನ?’ ಎಂದರು. ‘ಇವತ್ತು ಬೆಳಿಗ್ಗೆ ಇದನ್ನ ನಾನೇ ಕತ್ತರಿಸಿದ್ದು’ ಎಂದೆ. ಬಾಯಿಗೆ ಬಂದುಬಿಟ್ಟಿತ್ತು. ಒಂದು ಕ್ಷಣ ಅವಮಾನವಾಗುತ್ತದೆಂದು ಕಾದೆ. ಅವರು ಟೋಪಿ ತೆಗೆದು ಕೈ ಕುಲುಕಿದರು. ‘ಹಾಗಾದರೆ ಇನ್ನು ಮೇಲೆ ಎಲ್ಲ ಗ್ರೀನ್‌ನಲ್ಲೂ ನಿನ್ನನ್ನೇ ಕೇಳ್ತೀನಿ’ ಎಂದರು. ಕೇಳಿದರು ಕೂಡ.

ಸೈರನ್ ಕೂಗಿದಾಗ

ಹದಿನಾಲ್ಕನೇ ಕುಳಿಯಲ್ಲಿ ಪಶ್ಚಿಮದ ಆಕಾಶ ಕಡುನೀಲಿಯಾಯಿತು. ಉದ್ದನೆಯ ಸೈರನ್ ಕೂಗಿತು. ಸಿಡಿಲಿನ ಎಚ್ಚರಿಕೆ. ಆಟ ಅಲ್ಲಿಗೇ ನಿಲ್ಲಿಸಬೇಕು. ಬಯಲಲ್ಲಿ ಲೋಹದ ಕೋಲು ಹಿಡಿದು ನಿಂತವರಿಗಿಂತ ಸುಲಭದ ಗುರಿ ಸಿಡಿಲಿಗೆ ಬೇರೆ ಇಲ್ಲ. ಲೀ ಟ್ರೆವಿನೊ ಎಂಬ ಹೆಸರಾಂತ ಆಟಗಾರನಿಗೇ 1975ರಲ್ಲಿ ಟೂರ್ನಿಯೊಂದರ ನಡುವೆ ಸಿಡಿಲು ಬಡಿದಿತ್ತು. ಸಿಡಿಲು ನಿರೋಧಕ ಇರುವ ಶೆಡ್‌ಗೆ ಓಡಿದೆವು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರುವಂತಿಲ್ಲ.

ಮಳೆ ನೋಡುತ್ತಾ ಮೇಷ್ಟ್ರು ಆರ್ನಾಲ್ಡ್ ಪಾಮರ್ ಕಥೆ ಹೇಳಿದರು. ಪಾಮರ್ ಎಂದರೆ ಗಾಲ್ಫ್‌ನ ದಂತಕಥೆ. ಒರ್ಲಾಂಡೊದ ಬೇ ಹಿಲ್ ರೆಸಾರ್ಟ್ ಅಂಗಣ ಅವರದೇ ಆಗಿತ್ತು. ಅವರ ಅಪ್ಪ ಪೆನ್ಸಿಲ್ವೇನಿಯಾದ ಲಾಟ್ರೋಬ್ ಎಂಬ ಊರಿನ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಗಾರರು. ನೌಕರನ ಮಗನಿಗೆ ಅಲ್ಲಿ ಸದಸ್ಯರ ಸಮಾನ ಸ್ಥಾನವಿರಲಿಲ್ಲ. ಮುಂದೆ ಅದೇ ಹುಡುಗ ಮಾಸ್ಟರ್ಸ್ ಟೂರ್ನಿಯನ್ನು ನಾಲ್ಕು ಸಲ ಗೆದ್ದ. 1971ರಲ್ಲಿ ಲಾಟ್ರೋಬ್‌ನ ಆ ಕ್ಲಬ್ಬನ್ನೇ ಕೊಂಡುಕೊಂಡ!

ನಾನೂ ಬಿಡಲಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕಥೆ ಹೇಳಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂದಿದ್ದು, ಅಲ್ಲಿ ಅವಳ ಬ್ಯಾಗ್ ಹೊತ್ತು ನಡೆದಿದ್ದು ಅವಳ ಅಮ್ಮನೇ ಎಂಬುದನ್ನು ಹೇಳಿದೆ. ಬಿಡದಿ ಬಳಿಯ ಗಾಲ್ಫ್ ರೆಸಾರ್ಟ್‌ನ ಪಕ್ಕದ ಹಳ್ಳಿಯಲ್ಲಿ ಬೆಳೆದು, ಬೇರೆಯವರ ಚೆಂಡು ಹೆಕ್ಕುತ್ತಲೇ ಆಟ ಕಲಿತು ವೃತ್ತಿಪರ ಆಟಗಾರರಾದ ಚಿಕ್ಕರಂಗಪ್ಪ ಅವರ ಕಥೆಯನ್ನೂ ಹೇಳಿದೆ.

‘ನಿನ್ನ ಅಮ್ಮ ಏನಂತಾರೆ ಮಿಹಾ, ನಿನ್ನ ಈ ಕೆಲಸಕ್ಕೆ?’ ಎಂದು ಮೆಕ್ಸಿಕೊದ ಹಿರಿಯರು ಥಟ್ಟನೆ ಕೇಳಿದರು.

ಉತ್ತರ ಹೊರಡಲಿಲ್ಲ. ‘ಅವಳಿಗೆ ಗೊತ್ತಿಲ್ಲ’ ಎಂದೆ.

ಅವರು ಮಳೆ ನೋಡುತ್ತಾ ಹೇಳಿದರು: ‘ನಾನೂ ಮೊದಲ ವರ್ಷ ಮನೆಗೆ ಹೋಟೆಲ್ ಕೆಲಸ ಅಂತಲೇ ಹೇಳಿದ್ದೆ. ಆಮೇಲೆ ಸುಳ್ಳು ನೆನಪಿಟ್ಟುಕೊಳ್ಳೋದೇ ದೊಡ್ಡ ಕೆಲಸವಾಯ್ತು.’

ಗುಡುಗು ನಿಂತಿತು. ಎರಡೆರಡು ಗಿಡ್ಡ ಸೈರನ್ ಕೂಗಿದಾಗ ಮತ್ತೆ ಆಟ. ಅಷ್ಟು ಮಳೆ ಸುರಿದಿದ್ದರೂ ಗ್ರೀನ್ ಮೇಲೆ ಒಂದು ಹನಿ ನಿಂತಿರಲಿಲ್ಲ. ಮರಳು ಎಲ್ಲವನ್ನೂ ಕುಡಿದಿತ್ತು. ಬಿಸಿಲಿಗೆ ಮೈದಾನವೆಲ್ಲ ಹಬೆಯಾಡುತ್ತಿತ್ತು. ಹದಿನೆಂಟು ಮುಗಿದಾಗ ನನ್ನ ಲೆಕ್ಕ 131. ಅಲ್ಲಿ ಪಾರ್ 72! ಕಳೆದುಕೊಂಡ ಚೆಂಡು ಒಂಬತ್ತು.

ಬೆಳಗಿನ ಆರು ಗಂಟೆಗೆ

ರಾತ್ರಿ ಎಂಟೂವರೆ. ಊರಲ್ಲಿ ಬೆಳಗಿನ ಆರು. ಅವ್ವ ಹಾಲು ಕರೆದು ಎದ್ದಿರುತ್ತಾಳೆ. ಫೋನ್ ಮಾಡಿದೆ. ‘ಅವ್ವ, ನಾನಿಲ್ಲಿ ಆಫೀಸ್ ಕೆಲಸ ಮಾಡ್ತಿಲ್ಲ. ಹುಲ್ಲು ಕೊಯ್ತೀನಿ’ ಎಂದೆ.

ಆ ಕಡೆ ಸದ್ದಿಲ್ಲ. ಕರುವಿನ ಗಂಟೆ ಮಾತ್ರ ಕೇಳುತ್ತಿತ್ತು.

‘ಯಾವ ಹುಲ್ಲು?’ ಎಂದಳು ಅವ್ವ.

‘ಗರಿಕೆ.’

‘ಗರಿಕೇನಾ? ಅಲ್ಲೂ ಬೆಳೀತದಾ ಅದು?’

ಎಲ್ಲ ಹೇಳಿದೆ. ಮೂರು ಮಿಲಿಮೀಟರ್, ಮರಳು, ಗೆರೆ, ಹೊಳಪು, ಮೇಷ್ಟ್ರು ಟೋಪಿ ತೆಗೆದಿದ್ದು. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳಿಗೆ ಇದ್ದ ಪ್ರಶ್ನೆ ಒಂದೇ. ‘ದಿನಾ ಅಷ್ಟು ಕೊಯ್ದು ಏನ್ ಮಾಡ್ತೀರ? ಎಷ್ಟು ದನ ಅವೆ ಅಲ್ಲಿ?’

‘ದನ ಇಲ್ಲವ್ವ. ಬಿಸಾಕ್ತಾರೆ.’

‘ಬಿಸಾಕೋದಾ! ಹೊಟ್ಟೆ ಉರೀತದೆ ಕಣಮ್ಮ’ ಎಂದಳು. ನಾನು ಹುಲ್ಲು ಕೊಯ್ಯುವುದಕ್ಕೆ ಅವಳಿಗೆ ಬೇಜಾರಾಗಿರಲಿಲ್ಲ. ಕೊಯ್ದ ಹುಲ್ಲು ದನದ ಬಾಯಿಗೆ ಹೋಗದ್ದೇ ಬೇಜಾರು. ‘ನೀನು ತಲೆ ಮೇಲೆ ಹೊರ್ತಿಲ್ಲ ತಾನೇ? ಅಷ್ಟು ಸಾಕು’ ಎಂದು ಫೋನ್ ಇಟ್ಟಳು.

ಹುಲ್ಲಿನಲ್ಲೂ ಕೆಲಸವಿದೆ

ಕೃಷಿ, ತೋಟಗಾರಿಕೆ ಓದುತ್ತಿರುವ ಗೆಳೆಯರೇ, ನಮ್ಮಲ್ಲಿ ಹೆಚ್ಚಿನವರು ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ, ಗೊಬ್ಬರದ ಕಂಪನಿ ಇಷ್ಟರಲ್ಲೇ ಸುತ್ತುತ್ತೇವೆ. ಅವೆಲ್ಲ ಬೇಕು. ಆದರೆ ಆಟದ ಮೈದಾನಗಳ ಹುಲ್ಲಿಗೂ ಮಣ್ಣು, ನೀರು, ರೋಗ, ಗೊಬ್ಬರ ತಿಳಿದವರು ಬೇಕು. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನಲ್ಲಿ ಗಾಲ್ಫ್ ಅಂಗಣಗಳಿವೆ. ಕ್ರಿಕೆಟ್, ಫುಟ್‌ಬಾಲ್ ಮೈದಾನಗಳಂತೂ ಎಲ್ಲೆಡೆ. ಮಳೆ ನೀರನ್ನು ನೆಲದಡಿಯಿಂದಲೇ ಎಳೆದು ತೆಗೆಯುವ ಸಬ್‌ಏರ್ ವ್ಯವಸ್ಥೆ ಗಾಲ್ಫ್ ಅಂಗಣಗಳಿಂದಲೇ ಬಂದದ್ದು. 2017ರಲ್ಲಿ ಅದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ಬಂತು.

ನಾನು ಹೋಗಿದ್ದು ಜೆ-1 ವೀಸಾದ ಇಂಟರ್ನ್ ವಿಭಾಗದಲ್ಲಿ. ಓದುತ್ತಿರುವವರು ಅಥವಾ ಪದವಿ ಮುಗಿದು 12 ತಿಂಗಳೊಳಗಿನವರು ಅರ್ಜಿ ಹಾಕಬಹುದು. ಅವಧಿ ಗರಿಷ್ಠ 12 ತಿಂಗಳು. ಅಮೆರಿಕದ ವಿದೇಶಾಂಗ ಇಲಾಖೆಯ ಮಾನ್ಯತೆ ಇರುವ ಪ್ರಾಯೋಜಕ ಸಂಸ್ಥೆ ಇರಲೇಬೇಕು. ಏನು ಕಲಿಸುತ್ತಾರೆಂದು ಬರೆದ ತರಬೇತಿ ಯೋಜನೆಗೆ ಮೊದಲೇ ಸಹಿಯಾಗಬೇಕು. ಅದನ್ನು ತೋರಿಸದೆ ಹಣ ಕೇಳುವ ಏಜೆಂಟರಿಂದ ದೂರವಿರಿ. ಕೆಲಸ ಮೈಮುರಿಯುವಂಥದ್ದು ಎಂಬುದನ್ನೂ ಮುಚ್ಚಿಡುವುದಿಲ್ಲ.

ಇನ್ನೊಂದು ಮಾತು. ಅರಸೀಕೆರೆಯ ಬರ ನೋಡಿದ ಕಣ್ಣಿಗೆ ಹುಲ್ಲಿಗೆ ಅಷ್ಟು ನೀರು ಬಿಡುವುದು ಸಂಕಟವೇ. ಫ್ಲಾರಿಡಾದ ಅನೇಕ ಅಂಗಣಗಳಂತೆ ನಮ್ಮಲ್ಲೂ ಚರಂಡಿ ನೀರನ್ನು ಶುದ್ಧೀಕರಿಸಿ ನೇರಳೆ ಬಣ್ಣದ ಕೊಳವೆಯಲ್ಲಿ ತಂದು ಬಿಡುತ್ತಿದ್ದರು. ಕುಡಿಯುವ ನೀರಲ್ಲ ಎಂಬುದಕ್ಕೆ ಆ ಬಣ್ಣವೇ ಗುರುತು. ಸಂಕಟ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅದು ಹೋಗಬಾರದು ಕೂಡ. ಕಡಿಮೆ ನೀರಲ್ಲಿ ಮೈದಾನ ಹಸಿರಾಗಿಡುವುದು ಹೇಗೆಂದು ಯೋಚಿಸಬೇಕಾದವರು ಬರ ಕಂಡವರೇ ಅಲ್ಲವೇ?

ಈಗ ಬೆಂಗಳೂರಿನ ಒಂದು ಆಟದ ಮೈದಾನದಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾರಾದರೂ ಕೇಳಿದರೆ ‘ಗರಿಕೆ ನೋಡ್ಕೋತೀನಿ’ ಎನ್ನುತ್ತೇನೆ. ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ರಾಗಿ ಹೊಲಕ್ಕಿಳಿದು ಅದನ್ನೇ ಕೀಳುತ್ತೇನೆ. ಅಮೆರಿಕದಲ್ಲಿ ಏನೇ ಮರ್ಯಾದೆ ಸಿಗಲಿ, ರಾಗಿ ಹೊಲದಲ್ಲಿ ಅದು ಕಳೆಯೇ. ಕಿತ್ತದ್ದನ್ನು ಅವ್ವ ಬಿಸಾಕಲು ಬಿಡುವುದಿಲ್ಲ. ಹೊರೆ ಕಟ್ಟಿ ಕೊಟ್ಟಿಗೆಗೆ ಒಯ್ಯುತ್ತಾಳೆ. ಈಗ ಆ ಹೊರೆಯನ್ನು ನಾನು ಹೊರುತ್ತೇನೆ, ಅವಳು ಮುಂದೆ ನಡೆಯುತ್ತಾಳೆ.